ಕರೆದವರ ಮಣೆ

ದರ್ಶನ ಆ ಪ್ರಶ್ನೆಯನ್ನು ಕೆಣಕುವುದಕ್ಕೆಂದು ಕೇಳಿರಲಿಲ್ಲ. ಅದು ಗೊತ್ತಿದ್ದದ್ದರಿಂದಲೇ ಶ್ರೀವಾಣಿಗೆ ಹೆಚ್ಚು ಸಿಟ್ಟು ಬಂದಿತ್ತು. ಕೆಣಕುವವರ ಬಾಯಿ ಮುಚ್ಚಿಸುವುದು ಅವಳಿಗೆ ಕಷ್ಟವಲ್ಲ. ಶಿರಸಿಯ ಕಾನೂನು ಕಾಲೇಜಿನಲ್ಲಿ ಸಂವಿಧಾನದ ಪಾಠ ಹೇಳಿ ಹೇಳಿ, ಯಾವ ಹುಡುಗ ಪರೀಕ್ಷೆಗಾಗಿ ಕೇಳುತ್ತಾನೆ, ಯಾವನು ಮುಂದಿನ ಬೆಂಚಿನ ಹುಡುಗಿಗಾಗಿ ಕೇಳುತ್ತಾನೆ ಎಂಬುದು ಅವರು ಎದ್ದು ನಿಲ್ಲುವ ರೀತಿಯಲ್ಲೇ ಅವಳಿಗೆ ತಿಳಿದುಬಿಡುತ್ತಿತ್ತು. ಇವನು ಎದ್ದು ನಿಂತದ್ದು ಡಾಕ್ಟರ ಮುಂದೆ ನಿಲ್ಲುವವರ ಹಾಗೆ, ಉತ್ತರ ಬೇಕೇ ಬೇಕು ಎನ್ನುವಂತೆ. ಅವಳು ಆಗಷ್ಟೇ ಬೋರ್ಡಿನ ಮೇಲೆ ಸಂಸತ್ತಿನ ಪರಮಾಧಿಕಾರ ಎಂದು ದಪ್ಪಕ್ಷರದಲ್ಲಿ ಬರೆದು, ಇಂಗ್ಲೆಂಡಿನ ಸಂಸತ್ತು ಯಾವ ಕಾನೂನನ್ನಾದರೂ ಮಾಡಬಹುದು, ಯಾವುದನ್ನಾದರೂ ಅಳಿಸಬಹುದು, ಅದು ಮಾಡಿದ್ದನ್ನು ಅಲ್ಲಿನ ಯಾವ ಕೋರ್ಟೂ ಬದಿಗಿಡುವಂತಿಲ್ಲ, ಅದಕ್ಕೆ ಆಗದ ಕೆಲಸ ಒಂದೇ, ಇಂದಿನ ಸಂಸತ್ತು ನಾಳೆಯ ಸಂಸತ್ತಿನ ಕೈ ಕಟ್ಟುವಂತಿಲ್ಲ, ಎಂದು ವಿವರಿಸಿ ಮುಗಿಸಿದ್ದಳು. ನಮ್ಮಲ್ಲಿ ಹಾಗಲ್ಲ, ನಮ್ಮಲ್ಲಿ ಸಂವಿಧಾನ ದೊಡ್ಡದು, ಅದರ ಬುನಾದಿಯನ್ನು ಸಂಸತ್ತೂ ಅಲುಗಿಸುವಂತಿಲ್ಲ ಎಂಬಲ್ಲಿಗೆ ಬರುವವಳಿದ್ದಳು. ಅಷ್ಟರಲ್ಲಿ ಅವನು ಕೇಳಿದ.

"ಮೇಡಂ, ಸಂಸತ್ತು ಏನು ಬೇಕಾದರೂ ಮಾಡಬಹುದು ಅಂತ ಯಾರು ಹೇಳಿದ್ದು? ಸಂಸತ್ತೇ ಹೇಳಿಕೊಂಡಿದ್ದಾದರೆ, ಹೇಳಿಕೊಳ್ಳೋ ಮುಂಚೆ ಅದಕ್ಕೆ ಆ ಅಧಿಕಾರ ಎಲ್ಲಿತ್ತು?"

ಅವಳು ಕಥೆ ಹೇಳಿದಳು. ಕಥೆಗೆ ಬಂದರೆ ಕ್ಲಾಸು ತಣ್ಣಗಾಗುತ್ತದೆ ಎಂಬುದು ಅವಳ ಹಳೆಯ ಉಪಾಯ. ಒಬ್ಬ ರಾಜ ಹೆದರಿ ಓಡಿಹೋಗುವಾಗ ರಾಜ್ಯದ ಮುದ್ರೆಯನ್ನೇ ನದಿಗೆ ಎಸೆದು ಹೋದದ್ದು, ಆ ಮುದ್ರೆಯಿಲ್ಲದೆ, ರಾಜನ ಕರೆಯಿಲ್ಲದೆ ಸಂಸತ್ತು ಸೇರುವಂತಿಲ್ಲ ಎಂಬ ನಿಯಮವಿದ್ದದ್ದು, ಆದರೂ ಒಂದಷ್ಟು ಜನ ತಾವೇ ಬಂದು ಕೂತದ್ದು, ಸಿಂಹಾಸನ ಖಾಲಿಯಾಗಿದೆ ಎಂದು ತಾವೇ ಸಾರಿದ್ದು, ಅದರ ಮೇಲೆ ಬೇರೆಯವರನ್ನು ತಾವೇ ಕೂರಿಸಿದ್ದು, ಹಾಗೆ ಕೂತ ಹೊಸ ರಾಜ ರಾಣಿಯರು ಆಮೇಲೆ ಇವರನ್ನು ನೋಡಿ ಹೌದು, ನೀವು ಸಂಸತ್ತೇ ಎಂದದ್ದು. ಇದನ್ನು ಹೇಳುವಾಗ ಅವಳಿಗೆ ಯಾವಾಗಲೂ ಒಂದು ಖುಷಿ. ಇವತ್ತು ಹೇಳುತ್ತ ಹೇಳುತ್ತ, ಯಾರೂ ಕರೆಯದ ಆ ಸಭೆ ಕಣ್ಣಿಗೆ ಬಂತು. ಉದ್ದದ ಕೋಣೆ, ಕೆಮ್ಮುವ ಗಂಡಸರು, ತುದಿಯಲ್ಲೊಂದು ಖಾಲಿ ಕುರ್ಚಿ, ಎಲ್ಲರೂ ಅದರ ಕಡೆ ನೋಡದಿರಲು ಯತ್ನಿಸುತ್ತಿದ್ದಾರೆ. ಅವಳ ತೋಳಿನ ಕೂದಲು ನಿಮಿರಿದವು. "ಹಾಗಾದರೆ ಅವರನ್ನು ಕರೆದವರು ಯಾರೂ ಇರಲೇ ಇಲ್ವಾ?" ಎಂದ ದರ್ಶನ. ಹಿಂದಿನ ಬೆಂಚಿನವರು ನಕ್ಕರು. ನಕ್ಕದ್ದು ಅವನನ್ನು ನೋಡಿಯೋ ತನ್ನನ್ನೋ ತಿಳಿಯದೆ ಅವಳು, "ಮುಂದಿನ ಕ್ಲಾಸಿನಲ್ಲಿ" ಎಂದಳು. ಅನ್ನುವ ಮೊದಲು ಒಂದು ಸಣ್ಣ ಕೆಮ್ಮು ಬಂತು. ಅದು ಅವಳ ಕೆಮ್ಮಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗಲೂ ಅದೇ ಬಂದಿತ್ತು, ಗಂಡ ಶಶಾಂಕ ಪೇಪರಿನಿಂದ ತಲೆ ಎತ್ತಿ, "ಶೀತ ಆಜನೆ? ಅಪ್ಪಯ್ಯ ಕೆಮ್ಮಿದಾಂಗೆ ಕೇಳ್ತು" ಎಂದು ನಕ್ಕಿದ್ದ.

ಮಾವ ಯಾವುದಕ್ಕಾದರೂ "ಇಲ್ಲ" ಎನ್ನುವ ಮೊದಲು ಹಾಗೆ ಕೆಮ್ಮುತ್ತಿದ್ದರು. ಜೋರು ಮಾಡಿದವರಲ್ಲ, ಗದರಿದವರಲ್ಲ. ಒಂದು ಕೆಮ್ಮು, ಆಮೇಲೆ ತೀರ ಮೆತ್ತಗೆ, "ಇಲ್ಲೆ." ಮದುವೆಯಾದ ಹೊಸದರಲ್ಲಿ ಅವಳು ಕರಿಕೋಟು ಹಾಕಿ ಕೋರ್ಟಿಗೆ ಹೋಗುತ್ತೇನೆಂದಾಗಲೂ ಅಷ್ಟೇ. ಕಾರಣ ಹೇಳುವುದು ಅವರಿಗೆ ತಮ್ಮ ಮಾತಿಗೇ ಅವಮಾನವೆನಿಸುತ್ತಿತ್ತೋ ಏನೋ. ಅವಳು ಪಾಠ ಹೇಳಲು ಹೋದಳು, ಒಳ್ಳೆಯ ಹೆಸರೂ ಬಂತು. ಆದರೆ ಆ ಎರಡಕ್ಷರವನ್ನು ಅವಳು ಕ್ಷಮಿಸಲಿಲ್ಲ, ಅವರ ಚಿತೆ ಉರಿಯುವಾಗಲೂ ಕ್ಷಮಿಸಲಿಲ್ಲ. ಇವತ್ತು ಮಧ್ಯಾಹ್ನ ತೊರೆಸರದಲ್ಲಿ ಅವರ ಜಾಗದಲ್ಲಿ ಅವಳು ಕೂರಬೇಕು.

ತೊರೆಸರ ಸಿದ್ದಾಪುರದ ಕಡೆ, ಮನ್ಮನೆ ದಾಟಿ ಇನ್ನೂ ಒಳಗೆ. ಅಲ್ಲಿ ಊರಸಭೆಯಲ್ಲಿ ಮನೆಗೊಂದು ಬಾಯಿ, ಒಬ್ಬರಿಗೇ ಮಾತಿನ ಹಕ್ಕು. ಮಾವ ಇದ್ದಷ್ಟು ದಿನ ಆ ಮನೆಯ ಬಾಯಿ ಅವರದ್ದು; ಅವರು ಹೋದ ಮೇಲೆ ಶಶಾಂಕನದ್ದಾಗಬೇಕಿತ್ತು, ಅವನು ಸಭೆ ಎಂದರೆ ಆಕಳಿಸುವವನು, "ಕಾನೂನು ಓದಿದ್ದು ನೀನು, ನೀನೇ ಹೋಗು" ಎಂದುಬಿಟ್ಟ. ಹೆಂಗಸು ಬಂದು ಕೂರುವುದಕ್ಕೆ ಊರಿನವರು ಏನೆನ್ನುತ್ತಾರೋ ಎಂದುಕೊಂಡರೆ, ಸಭೆ ನಡೆಸುವ ಹಿರಿಯ ಪರಮಣ್ಣನೇ ಫೋನು ಮಾಡಿ, "ನೀ ಬಪ್ಪಲೇ ಬೇಕು ತಂಗಿ, ಈ ಸಲದ್ದು ಕಾನೂನಿನ ವಿಷಯ" ಎಂದಿದ್ದ. ವಿಷಯ ದರ್ಶನನ ತಾಯಿ ಗೌರಕ್ಕನದ್ದು. ಅವಳ ಮನೆ ಹೊಳೆಯ ಆಚೆ. ಕಿಡ್ನಿ ಹೋಗಿ, ವಾರಕ್ಕೆರಡು ಸಲ ಶಿರಸಿಗೆ ಡಯಾಲಿಸಿಸ್ಸಿಗೆ ಬರಬೇಕು. ಗಾಡಿ ಹೋಗುವ ದಾರಿ ಇರುವುದು ಒಂದೇ, ಊರದೇವತೆ ಚೌಡಿಯ ಬನದ ನಡುವೆ. ಆ ದಾರಿಯನ್ನು ಮಾವನ ಕಾಲದ ಸಭೆ ಮುಚ್ಚಿತ್ತು. ಹಾಗಾಗಿ ಅವಳನ್ನು ಗದ್ದೆಯ ಹಾಳಿಯ ಮೇಲೆ, ಆ ಕಿರಿದಾದ ಬದುವಿನ ಮೇಲೆ, ಆಮೇಲೆ ಹೊಳೆಗೆ ಹಾಕಿದ ಮರದ ಸಂಕದ ಮೇಲೆ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತಿದ್ದರು. ಮಳೆ ಹಿಡಿದರೆ ಸಂಕ ಮುಳುಗುತ್ತದೆ, ಆಗ ಹೊರುವುದೂ ಇಲ್ಲ. ಅರಣ್ಯ ಇಲಾಖೆಯವರು ಊರಿನವರ ತಕರಾರಿಲ್ಲದಿದ್ದರೆ ನಮ್ಮದೂ ಇಲ್ಲ ಎಂದು ಕೈ ತೊಳೆದುಕೊಂಡಿದ್ದರು. ಹೀಗೆ ಒಂದು ಜೀವ ಇವತ್ತಿನ ಸಭೆಯ ಬಾಯಿಗೆ ಬಂದು ನಿಂತಿತ್ತು. ಅವಳಿಗೆ ಹೆದರಿಕೆಯೇನೂ ಇರಲಿಲ್ಲ. ಇದಕ್ಕಿಂತ ಸಲೀಸಾದ ಪ್ರಕರಣ ಇರಲಾರದು ಎಂದುಕೊಂಡಿದ್ದಳು.

ಆಸ್ಪತ್ರೆಯಿಂದ ಗೌರಕ್ಕನನ್ನು ಕರೆದೊಯ್ಯುವ ಅಖ್ತರನ ಓಮ್ನಿಯಲ್ಲೇ ಅವಳೂ ಹೊರಟಳು. ಮಾರಿಗುಡಿಯ ಬೀದಿಯಿಂದ ಬಂದ ಅಖ್ತರ್ ಬಾಗಿಲು ತೆಗೆದು, "ಮೇಡಂ, ಈ ಕಡೆ ಕೂತ್ಕೊಳ್ಳಿ, ಅವರಿಗೆ ಕಾಲು ಚಾಚಬೇಕಲ್ಲ" ಎಂದ. ಮುಂದಿನ ಸೀಟಿನಲ್ಲಿ ದರ್ಶನ ಕೂತ. ಬೆಳಗಿನ ಪ್ರಶ್ನೆ ಅವರಿಬ್ಬರ ನಡುವೆ ಇನ್ನೊಬ್ಬ ಪ್ರಯಾಣಿಕನಾಗಿ ಬಂದಿತ್ತು, ಯಾರೂ ಅದರ ಜತೆ ಮಾತಾಡಲಿಲ್ಲ. ಗೌರಕ್ಕ ಸ್ವಲ್ಪ ಹೊತ್ತು ನೆಟ್ಟಗೆ ಕೂತಿದ್ದಳು, ತಿರುವಿನಲ್ಲಿ ತಲೆ ವಾಲಿ ಶ್ರೀವಾಣಿಯ ಭುಜಕ್ಕೆ ಬಂತು. ಆ ತಲೆ ಅಷ್ಟು ಹಗುರವಿರುತ್ತದೆಂದು ಅವಳು ಎಣಿಸಿರಲಿಲ್ಲ. ಔಷಧದ ವಾಸನೆ, ಅದರ ಕೆಳಗೆ ತುಕ್ಕಿನಂಥ ಇನ್ನೊಂದು ವಾಸನೆ. ಗೌರಕ್ಕನ ಬಾಯಿಯ ಅಂಚಿನಿಂದ ಇಳಿದ ಎಂಜಲು ಅವಳ ಇಳಕಲ್ ಸೀರೆಗೆ ತಾಗಿ ಒದ್ದೆಯಾಯಿತು. ಸಭೆಗೆಂದು ಉಟ್ಟ ಸೀರೆ. ಅವಳಿಗೆ ಅಸಹ್ಯವಾಯಿತು, ಅಸಹ್ಯವಾದದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದದ್ದು ಮುಂದೆ ಕನ್ನಡಿಯಲ್ಲಿ ದರ್ಶನನಿಗೆ ಕಂಡಿತೇನೋ ಎಂದು ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದಳು. ಮಾಘ ಕಳೆದ ಬಿಸಿಲು, ರಸ್ತೆಬದಿಯ ಮತ್ತಿಮರಗಳೆಲ್ಲ ಎಲೆ ಉದುರಿಸಿ ನಿಂತಿದ್ದವು. ಅವಳು ಭುಜವನ್ನು ಒಂದಿಷ್ಟು ಕೆಳಗೆ ಜಾರಿಸಿದಳು. ತಲೆಗೆ ಹಿತವಾಗಲಿ ಎಂದೋ, ಸೀರೆ ತಪ್ಪಲಿ ಎಂದೋ, ಅವಳಿಗೇ ಸ್ಪಷ್ಟವಿರಲಿಲ್ಲ. ಗೌರಕ್ಕ ಎಚ್ಚರಾಗಿ, "ಹೊಲಸು ಆತೇನೋ ಅಮಾ" ಎಂದು ಸೆರಗಿನಿಂದ ಒರೆಸಲು ಬಂದಳು. ಪರವಾಗಿಲ್ಲ ಎನ್ನುವುದು ಎಷ್ಟು ಹೊತ್ತಿನ ಕೆಲಸ; ಆದರೆ ಅವಳ ಬಾಯಿಂದ ಅದು ತಡವಾಗಿ ಬಂತು.

ಅಖ್ತರನಿಗೆ ಮಾತಿಲ್ಲದೆ ಗಾಡಿ ಓಡಿಸಿ ಅಭ್ಯಾಸವಿಲ್ಲ. "ಇವತ್ತಾದ್ರೂ ದಾರಿ ಬಿಡ್ತಾರಾ ಗೌರಕ್ಕ? ಎಲ್ಲರೂ ಹೂಂ ಅಂದ್ರೆ ಆಯ್ತಲ್ಲ?"

"ಎಲ್ಲರೂ ಹೂಂ ಅಂದ್ರೆ ಸಾಕಾಗಲ್ಲ ತಮಾ. ಮಣೆ ಕೇಳಬೇಕು."

"ಯಾವ ಮಣೆ?"

"ಸಭೆ ತುದೀಗೆ ಒಂದು ಮಣೆ ಹಾಕ್ತಾರೆ, ಅದರ ಮ್ಯಾಲೆ ಎಲೆ ಅಡಿಕೆ ಇಡ್ತಾರೆ. ಎಲ್ಲರ ಮಾತು ಮುಗದ ಮ್ಯಾಲೆ, ಒಪ್ಪಿಗೆಯೋ ಅಂತ ಆ ಮಣೆ ಕೇಳ್ತಾರೆ. ಸುಮ್ಮಂಗಿದ್ರೆ ಒಪ್ಪಿಗೆ."

"ಅಲ್ಲಿ ಯಾರು ಕೂತಿರ್ತಾರೆ?"

"ಯಾರೂ ಕೂರಲ್ಲ" ಎಂದಳು ಗೌರಕ್ಕ. "ಕರೆದೋರು ಕೂರ್ತಾರೆ."

ಅಖ್ತರ್ ಕನ್ನಡಿಯಲ್ಲಿ ಶ್ರೀವಾಣಿಯನ್ನು ನೋಡಿದ. ಅವಳು ನಕ್ಕು, ಮೊಟ್ಟಮೊದಲು ಆ ಸಭೆಯನ್ನು ಕರೆದವರಿಗೆಂದು ಬಿಟ್ಟ ಜಾಗ ಅದು, ಅವರ ಹೆಸರು ಯಾರಿಗೂ ಗೊತ್ತಿಲ್ಲ, ಒಂದು ಪದ್ಧತಿ ಅಷ್ಟೆ, ಇಂಗ್ಲೆಂಡಿನಲ್ಲಿ ಮಸೂದೆಗೆ ರಾಜ ಸಹಿ ಹಾಕುತ್ತಾನಲ್ಲ ಹಾಗೆ, ಅವನೂ ಬೇಡ ಎನ್ನುವುದಿಲ್ಲ, ಇದೂ ಅನ್ನುವುದಿಲ್ಲ, ಎಂದು ಕ್ಲಾಸಿನ ದನಿಯಲ್ಲಿ ಹೇಳಿದಳು. "ಅಂದ್ರೆ?" ಎಂದ ಅಖ್ತರ್. "ಆ ಹೊತ್ತಿಗೆ ಯಾರಾದ್ರೂ ಬಾಯಿ ಬಿಟ್ರೆ?" ಗೌರಕ್ಕ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಟ್ಟಳು. ಆ ಹೊತ್ತಿನಲ್ಲಿ ಯಾರ ಬಾಯಿಂದ ಮಾತು ಬಂದರೂ ಅದು ಬಾಯಿಯವರದ್ದಲ್ಲ, ಮಣೆಯದ್ದು. ಅದಕ್ಕೇ ಆಗ ಯಾರೂ ಕೆಮ್ಮುವುದೂ ಇಲ್ಲ. ಯಾರೂ ಮಾತಾಡಿದ್ದನ್ನು ಅವಳು ಕೇಳಿಲ್ಲ, ಅವಳ ಅತ್ತೆಯೂ ಕೇಳಿರಲಿಲ್ಲ. ದರ್ಶನ ಮುಂದಿನಿಂದ, "ಅಮ್ಮ, ಮಲಕ್ಕೋ ಈಗ" ಎಂದ. ಗಂಟಲಲ್ಲಿ ಏನೋ ಕಡಿದಂತಾಗಿ ಶ್ರೀವಾಣಿ ಬಾಟಲಿಯ ನೀರು ಕುಡಿದಳು.

ತೊರೆಸರದ ಪ್ರಾಥಮಿಕ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿ, ಈಗ ಸಭೆ ಸೇರುವುದು ಅದರ ಜಗಲಿಯಲ್ಲಿ. ಹಲಸಿನ ಮರದ ನೆರಳಲ್ಲಿ ಅಖ್ತರ್ ಗಾಡಿ ನಿಲ್ಲಿಸಿದ. ಗೌರಕ್ಕನ ಗಂಡ ಕೆರಿಯಪ್ಪ ಕುರ್ಚಿ ಇಟ್ಟುಕೊಂಡು ಕಾಯುತ್ತಿದ್ದ. ಕುರ್ಚಿಯ ಎರಡೂ ಬದಿಗೆ ಬಿದಿರ ಗಳ ಕಟ್ಟಿತ್ತು. "ಇವತ್ತು ಬೇಕಾಗಲ್ಲ ಬಿಡು" ಎಂದು ಅಖ್ತರ್ ಅವನ ಬೆನ್ನು ತಟ್ಟಿದ. ಹೊಳೆಯಾಚೆಯ ಮನೆಗೆ ಸಭೆಯಲ್ಲಿ ಬಾಯಿ ಇಲ್ಲ, ಆದ್ದರಿಂದ ತಂದೆ ಮಗ ಅಂಗಳದಲ್ಲೇ ನಿಂತರು, ಗೌರಕ್ಕ ಗಾಡಿಯಲ್ಲೇ ಉಳಿದಳು. ಶ್ರೀವಾಣಿ ಮೆಟ್ಟಿಲು ಹತ್ತಿದಳು. ಗೋಡೆಗೊರಗಿ ಕೂತಿದ್ದವರೆಲ್ಲ ಸ್ವಲ್ಪ ಸ್ವಲ್ಪ ಸರಿದು ಅವಳಿಗೆ ಮಾಡಿಕೊಟ್ಟ ಜಾಗ ಮಣೆಗೆ ತೀರ ಹತ್ತಿರದ್ದು. ಮಾವ ಕೂರುತ್ತಿದ್ದದ್ದು ಅಲ್ಲೇ ಇರಬೇಕು. ಮಣೆಯನ್ನು ಅವಳು ಈ ಮೊದಲು ನೋಡಿರಲಿಲ್ಲ. ಏನೋ ಕೆತ್ತನೆ, ಬೆಳ್ಳಿಯ ಹೂವು ಎಂದೆಲ್ಲ ಕಲ್ಪಿಸಿಕೊಂಡವಳಿಗೆ ಕಂಡದ್ದು ಊಟಕ್ಕೆ ಕೂರುವ ಸಾದಾ ಹಲಸಿನ ಮಣೆ. ಆದರೆ ನಡುವಿನಲ್ಲಿ ಅದು ಸವೆದಿತ್ತು. ಯಾರೂ ಕೂರದ ಮಣೆ ಅದು ಹೇಗೆ ಸವೆಯುತ್ತದೆ ಎಂದು ಕೇಳಬೇಕೆನಿಸಿತು. ಮೊದಲ ಸಭೆಯಲ್ಲೇ ಪೆದ್ದಿಯಾಗಿ ಕಾಣುವುದು ಬೇಡವೆಂದು ಸುಮ್ಮನಾದಳು.

ಪರಮಣ್ಣ ಹಳೆಯ ತೀರ್ಮಾನವನ್ನು ಬಾಯಿಪಾಠದಿಂದ ಹೇಳಿದ. ಬನದ ನಡುವೆ ಮರ ತುಂಬಿದ ಲಾರಿ ಹೋದದ್ದು, ಚೌಡಿಯ ಕಲ್ಲು ವಾಲಿದ್ದು, ಆ ವರ್ಷವೇ ಊರಿನಲ್ಲಿ ಸಾವಿನ ಮೇಲೆ ಸಾವಾದದ್ದು. ಇನ್ನು ಮುಂದೆ ಬನದಲ್ಲಿ ಚಕ್ರ ಉರುಳತಕ್ಕದ್ದಲ್ಲ, ಮುಂದೆ ಸೇರುವ ಯಾವ ಸಭೆಯೂ ಇದನ್ನು ಮುರಿಯತಕ್ಕದ್ದಲ್ಲ. ಅವನ ಬಾಯಲ್ಲಿ ಮಾವನ ಮಾತಿನ ಧಾಟಿಯೇ ಇತ್ತು. "ಈಗ ಹೇಳು ತಂಗಿ. ಮುರಿಯಲಾಗ ಹೇಳಿ ನಿನ್ನ ಮಾವನೇ ಹೇಳಿ ಹೋಜ. ನಂಗ ಮುರಿಯಲೆ ಬತ್ತ?"

ಮುರಿಯಬಹುದು ಎಂದು ಅವಳು ಹೇಳಿದಳು. ಜನ್ಮದಲ್ಲಿ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಮುರಿಯಬಾರದು ಎಂದು ಹೇಳಿದ್ದೂ ಒಂದು ಸಭೆ, ಇಲ್ಲಿ ಕೂತದ್ದೂ ಅದೇ ಸಭೆ. ಅದಕ್ಕೆ ಆಗ ಎಷ್ಟು ಅಧಿಕಾರವಿತ್ತೋ ಇದಕ್ಕೆ ಈಗ ಅಷ್ಟೇ ಇದೆ, ಕೂದಲೆಳೆಯೂ ಕಡಿಮೆಯಿಲ್ಲ. ನಿನ್ನೆಯವರು ಇಂದಿನವರ ಕೈ ಕಟ್ಟಬಹುದಾದರೆ, ನಿನ್ನೆಯವರ ಕೈಯನ್ನು ಮೊನ್ನೆಯವರು ಕಟ್ಟಿರಬೇಕಿತ್ತು, ಆಗ ಮಾವನೂ ಏನನ್ನೂ ತೀರ್ಮಾನಿಸುವಂತಿರಲಿಲ್ಲ. ಸತ್ತವರಿಗೆ ಮರ್ಯಾದೆ ಕೊಡೋಣ, ಮತ ಕೊಡುವುದು ಬೇಡ. ಯಾರೋ ಮೆಲ್ಲಗೆ ನಕ್ಕರು. ಆ ನಗು ತನ್ನ ಪರವಾಗಿದೆಯೆಂದು ತಿಳಿದು ಅವಳ ಎದೆ ಹಿಗ್ಗಿತು. ಒಬ್ಬೊಬ್ಬರಾಗಿ "ಅಕ್ಕು", ಆಗಬಹುದು, ಎಂದರು, ಬರುವಾಗ ಮುಖ ಗಂಟಿಕ್ಕಿಕೊಂಡಿದ್ದವರೂ ಅಕ್ಕು ಎಂದರು. ಅವಳು ಅಂಗಳದ ಕಡೆ ನೋಡಿದಳು. ದರ್ಶನ ಎರಡೂ ಕೈ ಜೋಡಿಸಿ ನಿಂತಿದ್ದ. ಬೆಳಿಗ್ಗೆ ತನ್ನನ್ನು ತಡವರಿಸುವಂತೆ ಮಾಡಿದವನು. ಆ ಜೋಡಿಸಿದ ಕೈಗಳನ್ನು ಕಂಡು ಅವಳಿಗೆ ಸಂತೋಷವಾಯಿತು, ಒಂದಿಷ್ಟು ಹೆಚ್ಚೇ ಸಂತೋಷವಾಯಿತು. ಅವನು ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿರಲಿ ಎನಿಸಿತು.

ಪರಮಣ್ಣ ಎದ್ದು ಮಣೆಯ ಎದುರು ಕೈ ಮುಗಿದ. "ಕರೆದವರೇ, ಒಪ್ಪಿಗೆಯೋ?"

ಹಲಸಿನ ಮರದಲ್ಲಿ ಜೇನುಹುಳಗಳ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಕೇಳಲಿಲ್ಲ. ಅವಳು ಮಣೆಯ ಸವೆದ ನಡುವನ್ನು ನೋಡುತ್ತಿದ್ದಳು. ಉದ್ದದ ಕೋಣೆ, ತುದಿಯ ಖಾಲಿ ಕುರ್ಚಿ, ಅದರ ಕಡೆ ನೋಡದಿರಲು ಯತ್ನಿಸುವ ಗಂಡಸರು. ಇಲ್ಲಿಯೂ ಯಾರೂ ಮಣೆಯ ಕಡೆ ನೋಡುತ್ತಿಲ್ಲ, ನೋಡುತ್ತಿರುವವಳು ತಾನೊಬ್ಬಳೇ ಎಂಬುದು ಅರಿವಿಗೆ ಬಂತು. ಭುಜದ ಮೇಲಿನ ಒದ್ದೆ ಒಣಗಿ ಸೀರೆ ಅಲ್ಲಿ ಗಡುಸಾಗಿತ್ತು. ಕೋರ್ಟಿಗೆ ಹೋಗುತ್ತೇನೆ ಎಂದು ನಿಂತಿದ್ದ ತನ್ನ ಹರೆಯದ ಮುಖ ಕಂಡಿತು. ಆದರೆ ಅದು ಕಂಡದ್ದು ಎದುರಿನಿಂದ, ಆರಾಮಕುರ್ಚಿಯಲ್ಲಿ ಕೂತ ಮಾವನ ಕಣ್ಣಿನಿಂದ. ಆ ಹುಡುಗಿ ಎಷ್ಟು ನಂಬಿಕೆಯಿಂದ ನೋಡುತ್ತಿದ್ದಳು. ಅಂಥ ಮುಖಕ್ಕೆ ಇಲ್ಲ ಎನ್ನುವುದು ಎಷ್ಟು ಸುಲಭ, ಎಷ್ಟು ಹಿತ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಮೈಯಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಕೆಮ್ಮು ಕೇಳಿಸಿತು. ಒಂದೇ ಒಂದು ಕೆಮ್ಮು. ಅದರ ಹಿಂದೆಯೇ, ತೀರ ಮೆತ್ತಗೆ, ಗಂಡಸಿನ ದನಿ.

"ಇಲ್ಲೆ."

ಯಾರು ಅಂದದ್ದೆಂದು ನೋಡಲು ಅವಳು ತಿರುಗಿದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು. ಅವಳ ಬಾಯಿ ಇನ್ನೂ ತೆರೆದೇ ಇತ್ತು, ನಾಲಿಗೆ ಹಲ್ಲಿನ ಹಿಂದೆ ಅಂಟಿಕೊಂಡಿತ್ತು, ಗಂಟಲು ಸುಲಿದಂತೆ ಉರಿಯುತ್ತಿತ್ತು. ಪರಮಣ್ಣ ನಿಧಾನವಾಗಿ ಮೊಳಕಾಲೂರಿ ತಲೆಯನ್ನು ನೆಲಕ್ಕೆ ತಾಗಿಸಿದ. ಒಬ್ಬರ ನಂತರ ಒಬ್ಬರು ಹಾಗೇ ಮಾಡಿದರು. ಅವರ ಬಿಳಿ ತಲೆಗಳು, ಬೋಳು ತಲೆಗಳು ಅವಳ ಮುಂದೆ ಸಾಲಾಗಿ ಬಾಗಿದವು.

"ಏಳಿ, ಎಂತ ಇದು!" ಎಂದಳು. ಈಗ ಬಂದದ್ದು ಅವಳದೇ ದನಿ, ತೆಳ್ಳಗೆ, ಕೀಚಲಾಗಿ. "ಆನೇ ಹೇಳಿದ್ದು. ಬಾಯ್ತಪ್ಪಿ ಬಂತು. ಆನು ದಾರಿ ಬಿಡವು ಹೇಳಿ ಆಗಲೇ ಹೇಳಿದ್ನಲಿ! ಇದನ್ನ ಬಿಟ್ಟಾಕಿ, ಮತ್ತೊಂದ್ಸಲ ಕೇಳಿ."

ಪರಮಣ್ಣ ತಲೆ ಎತ್ತಿದಾಗ ಅವನ ಕಣ್ಣಲ್ಲಿ ನೀರಿತ್ತು. "ನೀನಲ್ಲ ತಂಗಿ. ಅದು ನಿನ್ನ ದನಿ ಆಗಿತ್ತಾ ಹೇಳು. ನಂಗೆ ಗೊತ್ತಿಲ್ಯ ಆ ದನಿ?" ಎಂದ. ತನ್ನದೇ, ತನ್ನದೇ ದನಿ ಎಂದು ಅವಳು ಹಟ ಹಿಡಿದಳು. ತಪ್ಪು ತನ್ನದು, ಬೇಕಾದರೆ ದಂಡ ಹಾಕಿ, ಮುಂದಿನ ಸಭೆಗೆ ಕರೆಯಬೇಡಿ ಎಂದಳು. ಅವರೆಲ್ಲ ಅವಳನ್ನು ಹೆರಿಗೆಯಾದವಳನ್ನು ನೋಡುವಷ್ಟು ಮಮತೆಯಿಂದ ನೋಡುತ್ತಿದ್ದರು. ಯಾರೋ ನೀರು ತಂದುಕೊಟ್ಟರು. ತನ್ನ ತಪ್ಪನ್ನು ತನ್ನದೆಂದು ಒಪ್ಪಿಸಲೂ ಆಗುತ್ತಿರಲಿಲ್ಲ. ಕಾನೂನಿನಲ್ಲಿ ಇದಕ್ಕೇನೆನ್ನುತ್ತಾರೆ? ತಪ್ಪೊಪ್ಪಿಗೆಯನ್ನು ಯಾರೂ ಸ್ವೀಕರಿಸದಿದ್ದರೆ ತಪ್ಪು ಎಲ್ಲಿಗೆ ಹೋಗುತ್ತದೆ? ಅವಳು ಎದ್ದು, ಚಪ್ಪಲಿಯನ್ನೂ ಮೆಟ್ಟದೆ, ಅಂಗಳಕ್ಕಿಳಿದು ಗಾಡಿಯ ಹತ್ತಿರ ಓಡಿದಳು.

"ಅಖ್ತರ್, ಗಾಡಿ ತೆಗಿ. ಬನದ ಒಳಗೇ ಹೋಗೋಣ. ನಾನು ಮುಂದೆ ಕೂರ್ತೇನೆ, ಯಾರು ತಡೀತಾರೆ ನೋಡ್ತೇನೆ."

ತಡೆಯುವವರು ನಿಜಕ್ಕೂ ಯಾರೂ ಇರಲಿಲ್ಲ. ದಾರಿಗೆ ಬೇಲಿಯಿಲ್ಲ, ಗೇಟಿಲ್ಲ, ಕಾಯುವವರಿಲ್ಲ, ಒಣಗಿದೆಲೆ ಬಿದ್ದ ಅಗಲವಾದ ದಾರಿ ಬನದೊಳಗೆ ಹೋಗಿತ್ತು. ಅಖ್ತರ್ ಚಾವಿ ತಿರುಗಿಸಿದ. ಹಿಂದಿನಿಂದ ಗೌರಕ್ಕನ ದನಿ ಬಂತು. "ಬ್ಯಾಡ ತಮಾ, ನಿಲ್ಸು."

"ಗೌರಕ್ಕ, ಸಭೆಯವರು ಹೇಳಿದ್ದಲ್ಲ, ಮಣೆ ಹೇಳಿದ್ದೂ ಅಲ್ಲ. ನಾನು ಹೇಳಿದ್ದು, ತಪ್ಪಿ ಹೇಳಿದ್ದು. ದಾರಿ ಬಿಟ್ಟಿದ್ದಾರೆ ಅಂತ್ಲೇ ತಿಳ್ಕೊ."

"ನಂಗೂ ಕೇಳಿಸ್ತಲ್ಲ ಅಮಾ. ದೊಡ್ಡ ಒಡೇರು ಬದುಕಿದ್ದಾಗ ಹೆಂಗೆ ಅಂತಿದ್ರೋ ಹಂಗೇ." ಅವಳ ಬತ್ತಿದ ಮುಖದಲ್ಲಿ ಒಂದು ಬೆಳಕಿತ್ತು. ಅದನ್ನು ನೋಡಲಾಗಲಿಲ್ಲ. "ಕಾಯ್ತಾ ಅದಾರಲ್ಲ ಇನ್ನೂವ. ದೊಡ್ಡೋರು ಬ್ಯಾಡ ಅಂದ ಮ್ಯಾಲೆ ಆ ದಾರೀಲಿ ಹೋಗಿ ನಾ ಎಷ್ಟು ದಿನ ಬದುಕ್ಲಿ? ಮಗನ ಕುತ್ತಿಗೆಗೆ ಬಂದ್ರೆ?" ಎನ್ನುತ್ತ ಅವಳು ಸೀಟಿನಿಂದ ಬಾಗಿ, ಸೂಜಿ ತೂತುಗಳ ಗುರುತಿನ ಕೈ ಚಾಚಿ, ಬಾಗಿಲಲ್ಲಿ ನಿಂತ ಶ್ರೀವಾಣಿಯ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಕೆರಿಯಪ್ಪ ಕುರ್ಚಿ ತಂದಿಟ್ಟ. ಅವಳನ್ನು ಎತ್ತಿ ಕೂರಿಸಿ ಪಂಚೆಯಿಂದ ಸೊಂಟಕ್ಕೆ ಕಟ್ಟಿದರು. ಶ್ರೀವಾಣಿ ಒಂದು ಗಳಕ್ಕೆ ಕೈ ಹಾಕಿದಳು. ಕೆರಿಯಪ್ಪ ಬಿಸಿ ತಾಗಿದವನಂತೆ ಹಿಂದೆ ಸರಿದು, "ಅಮಾ, ನೀವು ಹಿಡೀಬ್ಯಾಡಿ. ಈಗ ನೀವು ಹಿಡಿಯಂಗಿಲ್ಲ" ಎಂದ. ಅಖ್ತರ್ ಆ ಗಳ ಹಿಡಿದ. ಅವಳು ದರ್ಶನನ ಕಡೆ ನೋಡಿದಳು. ಅವನೊಬ್ಬನಾದರೂ ನೀವೇ ಅಂದದ್ದು ಎನ್ನಲಿ, ಬೈಯಲಿ, ಕಾಲೇಜಿನಲ್ಲಿ ಎಲ್ಲರೆದುರು ಹೇಳಿ ಮರ್ಯಾದೆ ತೆಗೆಯಲಿ ಎಂದು ಅವಳ ಜೀವ ಬೇಡಿತು. ಅವನು ಓದಿದವನು, ಪ್ರಶ್ನೆ ಕೇಳುವವನು. ದರ್ಶನ ಅವಳ ಮುಖ ನೋಡಲಿಲ್ಲ, ಅವಳ ಪಾದಗಳಿಗಿಂತ ಸ್ವಲ್ಪ ಆಚೆ ನೆಲ ನೋಡುತ್ತ, "ಬರ್ತೀವಿ ಮೇಡಂ" ಎಂದು ಹೆಗಲು ಕೊಟ್ಟ. ಅವನಿಗೆ ಹೆದರಿಕೆಯಾಗಿತ್ತು. ಕುರ್ಚಿ ಅತ್ತಿತ್ತ ಓಲಾಡುತ್ತ ಗದ್ದೆಯ ಹಾಳಿಗೆ ಇಳಿದು, ಸಂಕದ ಕಡೆ ಸಣ್ಣದಾಗುತ್ತ ಹೋಯಿತು.

"ತಂಗಿ, ಬಾ, ಇನ್ನೊಂದು ವಿಷಯ ಇದ್ದು" ಎಂದು ಪರಮಣ್ಣ ಕರೆದ. ಅವಳು ಹೋದಳು. ಹೋಗದೆ ಮನೆಗೆ ಹೊರಟುಬಿಡಬಹುದಿತ್ತು. ಆದರೆ ಮತ್ತೆ ಕೂತರೆ ಹೇಗಾದರೂ ಮಾಡಿ ಅದನ್ನೇ ಮತ್ತೆ ಎತ್ತಬಹುದು ಎಂಬ ಆಸೆ ಇನ್ನೂ ಇತ್ತು. ಎತ್ತಿದಳು ಕೂಡ. "ಅದು ಮುಗತ್ತು" ಎಂದರು, ಬೇಸರವಿಲ್ಲದೆ. ಆಮೇಲೆ ಪರಮಣ್ಣ ತುಂಬ ಕಕ್ಕುಲಾತಿಯಿಂದ ಮಾತು ತೆಗೆದ. ಪಾಪ, ಆ ಹೆಂಗಸನ್ನು ಹೀಗೆ ಹೊತ್ತು ತಿರುಗಿಸುವುದು ಯಾರಿಗೂ ಚಂದವಲ್ಲ, ಮಳೆಗಾಲದಲ್ಲಂತೂ ಆಗುವ ಮಾತಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ ಊರಿಗೇ ಕೆಟ್ಟ ಹೆಸರು. ಆ ಮನೆಯವರು ಹೊಳೆಯಾಚೆಯ ಜಾಗ ಬಿಟ್ಟು, ಮಳೆ ಹಿಡಿಯುವುದರೊಳಗೆ ಶಿರಸಿಯಲ್ಲೇ ಎಲ್ಲಾದರೂ ಬಿಡಾರ ಮಾಡಿಕೊಳ್ಳಲಿ. ಅವರ ಒಳ್ಳೆಯದಕ್ಕೇ. ಗೋಡೆಗೊರಗಿದವರು ಒಬ್ಬೊಬ್ಬರಾಗಿ "ಅಕ್ಕು" ಎಂದರು. ಹೊಳೆಯಾಚೆ ಬಾಳುತ್ತಿದ್ದ ಒಂದು ಮನೆಯನ್ನು ಎಬ್ಬಿಸುವುದಕ್ಕೆ ಅಷ್ಟೇ ಹೊತ್ತು ಸಾಕಾಯಿತು. ಅವಳು "ಬೇಡ" ಎಂದಳು, ಕೂಗಿಯೇ ಅಂದಳು. ಅದು ಒಂದು ಮನೆಯ ಬಾಯಿ, ಅಷ್ಟೆ. ಪರಮಣ್ಣ ತಲೆಯಾಡಿಸಿ ಅದನ್ನೂ ಕೇಳಿಸಿಕೊಂಡ.

ಕೈ ಮುಗಿದು ಎದ್ದು ನಿಂತವನು ಮಣೆಯ ಕಡೆ ತಿರುಗಲಿಲ್ಲ, ಅವಳ ಕಡೆ ತಿರುಗಿದ. "ಕರೆದವರೇ, ಒಪ್ಪಿಗೆಯೋ?"

ಎಲ್ಲರೂ ಈಗ ಅವಳನ್ನೇ ನೋಡುತ್ತಿದ್ದರು. ಈಗ ಒಂದು ಮಾತು ಸಾಕು. ಅದೇ ಮಾತು, ಎರಡಕ್ಷರ, ಅರ್ಧ ಗಂಟೆಯ ಹಿಂದೆ ಕೇಳದೆಯೇ ಬಂದದ್ದು. ಈಗ ಅಂದರೆ ಇವರೆಲ್ಲ ಮತ್ತೆ ನೆಲಕ್ಕೆ ತಲೆ ಹಚ್ಚುತ್ತಾರೆ, ಗೌರಕ್ಕನ ಮನೆ ಅಲ್ಲೇ ಉಳಿಯುತ್ತದೆ. ಅವಳು ಬಾಯಿ ತೆರೆದಳು. ಕೆಮ್ಮಲು ನೋಡಿದಳು, ಕೆಮ್ಮು ಬರಲಿಲ್ಲ. ನಾಲಿಗೆಯನ್ನು ಎತ್ತಲು ನೋಡಿದಳು, ಅದು ಬೇರೆ ಯಾರದೋ ಬಾಯಲ್ಲಿದ್ದಂತೆ ಸುಮ್ಮನೆ ಬಿದ್ದಿತ್ತು. ದೂರದಲ್ಲಿ ಸಂಕದ ಮರದ ಮೇಲೆ ಹೆಜ್ಜೆ ಇಡುವ ಸದ್ದು ಒಮ್ಮೆ ಕೇಳಿ ನಿಂತಿತು. ಕಣ್ಣಿನಿಂದ ನೀರು ಇಳಿಯುವುದು ಅವಳಿಗೆ ಗೊತ್ತಾಗುತ್ತಿತ್ತು. ಅದನ್ನು ನೋಡಿ ಎದುರಿನ ಮುದುಕನೊಬ್ಬ ಭಕ್ತಿಯಿಂದ ತಾನೂ ಕಣ್ಣೊರೆಸಿಕೊಂಡ. ಅವರು ತಾಳ್ಮೆಯಿಂದ ಕಾದರು, ಎಷ್ಟು ಹೊತ್ತು ಬೇಕಾದರೂ ಕಾಯುವವರಂತೆ ಕಾದರು.

"ಒಪ್ಪಿಗೆ ಆತು" ಎಂದ ಪರಮಣ್ಣ. ಮಣೆಯ ಮೇಲಿಂದ ಎಲೆ ಅಡಿಕೆ ಎತ್ತಿ ಮೊದಲ ವೀಳ್ಯವನ್ನು ಅವಳ ಮುಂದೆ ಹಿಡಿದ. ಅವಳ ಕೈ ತಾನಾಗಿ ಚಾಚಿತು.